ಉಪ್ಪುನೀರಿನಲ್ಲಿ ತೇಲುವ ತತ್ತಿಗಳು

ಕೋಳಿಯ ಮೊಟ್ಟೆಯನ್ನು ಸಿಹಿನೀರಿನಲ್ಲಿ ಬಿಟ್ಟರೆ ಅದು ತಳವನ್ನು ಸೇರುವುದು. ಆ ನೀರಿಗೆ ಉಪ್ಪನ್ನು ಬೆರೆಸುತ್ತ ಹೋದರೆ ಮೊಟ್ಟೆಯು ಮೇಲೆದ್ದು ತೇಲುವುದು. ಶಾಲೆಯ ಮಕ್ಕಳೂ ಬಲ್ಲ ಈ ತತ್ತ್ವದಿಂದಲೇ ಪಶುವೈದ್ಯರು ನಾಯಿ ಬೆಕ್ಕುಗಳ ಕರುಳಿನಲ್ಲಿ ಅಡಗಿರುವ ಹುಳುಗಳನ್ನು ಪತ್ತೆಮಾಡುತ್ತಾರೆ.

ಕರುಳಿನ ಹುಳು ನಮ್ಮ ಕಣ್ಣಿಗೆ ಸುಲಭವಾಗಿ ಬೀಳದು. ಆದರೆ ಅದರ ತತ್ತಿಗಳು ಮಲದೊಡನೆ ಹೊರಬರುತ್ತವೆ. ನಾಯಿಯ ದುಂಡುಹುಳುವಾದ ಟಾಕ್ಸೊಕಾರದ ತತ್ತಿಯ ವ್ಯಾಸ ಸುಮಾರು 0.08 ಮಿಲಿಮೀಟರು, ವಿಶಿಷ್ಟ ಗುರುತ್ವ ಸುಮಾರು 1.09. ಕೊಕ್ಕೆಹುಳುವಿನ ತತ್ತಿಯದು 1.06. ನೀರಿಗಿಂತ ಭಾರವಾದ ಇವು ನೀರಿನಲ್ಲಿ ಮುಳುಗುತ್ತವೆ. ಆದರೆ ಪರ್ಯಾಪ್ತವಾದ ಉಪ್ಪಿನ ದ್ರಾವಣದ ವಿಶಿಷ್ಟ ಗುರುತ್ವ 1.20. ಕೆಲವು ಗ್ರಾಂ ಮಲವನ್ನು ಅದರಲ್ಲಿ ಕದಡಿ, ಸೋಸಿ, ನಳಿಕೆಯಲ್ಲಿ ತುಂಬಿದರೆ ಭಾರವಾದ ಕಸವು ಕೆಳಗಿಳಿಯುತ್ತದೆ, ತತ್ತಿಗಳು ಮೇಲೇರುತ್ತವೆ. ನಳಿಕೆಯ ಬಾಯಿಗೆ ಇಟ್ಟ ತೆಳುಗಾಜಿಗೆ ಅವು ಅಂಟಿಕೊಳ್ಳುತ್ತವೆ. ಆ ಗಾಜನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರಾಯಿತು.

ಹಾಗಾದರೆ ಎಷ್ಟು ಹೊತ್ತು ಕಾಯಬೇಕು? 1851ರ ಸ್ಟೋಕ್ಸನ ನಿಯಮದಂತೆ, ಇತರ ಪರಿಸ್ಥಿತಿಗಳು ಸಮವಾಗಿರುವಾಗ, ಕಣವು ಏರುವ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ದುಂಡುಹುಳುವಿನ ತತ್ತಿಗೆ ಹತ್ತು ನಿಮಿಷ ಸಾಕೆನ್ನೋಣ. ಭೇದಿಯನ್ನುಂಟುಮಾಡುವ ಗಿಯಾರ್ಡಿಯಾ ಎಂಬ ಏಕಕೋಶಜೀವಿಯ ಕೋಷ್ಠವು ಅದರ ಎಂಟನೆಯ ಒಂದು ಭಾಗದಷ್ಟೇ ಅಗಲ. ಅದರ ವೇಗ ಅರುವತ್ತನಾಲ್ಕನೆಯ ಒಂದು ಭಾಗ. ಅದಕ್ಕೆ ಹತ್ತು ಗಂಟೆಗೂ ಮಿಕ್ಕಿ ಬೇಕಾದೀತು! ಅಷ್ಟರೊಳಗೆ ಅದು ಉಪ್ಪಿನಲ್ಲಿ ಮುದುಡಿ ಗುರುತು ಸಿಗದಂತಾಗುವುದು. ಆದುದರಿಂದಲೇ ಇದಕ್ಕೆ 1.18 ಗುರುತ್ವದ ಸತುವಿನ ಸಲ್ಫೇಟನ್ನು ಆರಿಸಿ, ನಳಿಕೆಯನ್ನು ಕೇಂದ್ರಾಪಗಾಮಿ ಯಂತ್ರದಲ್ಲಿ ಐದು ನಿಮಿಷ ತಿರುಗಿಸುವ ರೂಢಿಯುಂಟು. ಗುರುತ್ವಾಕರ್ಷಣೆಯು ನಿಧಾನವಾಗಿ ಮಾಡುವ ಕೆಲಸವನ್ನು ಯಂತ್ರವು ಬೇಗನೆ ಮುಗಿಸುತ್ತದೆ.

ತತ್ತಿ ಕಾಣಲಿಲ್ಲವೆಂದರೆ ಹುಳುವಿಲ್ಲವೆಂದು ಅರ್ಥವಲ್ಲ. ಎಳೆಯ ಹುಳು ಇನ್ನೂ ತತ್ತಿಯಿಡದೆ ಇರಬಹುದು. ಗಂಡುಹುಳುಗಳು ಮಾತ್ರವೇ ಇರಬಹುದು. ಚಿಗಟದ ಮೂಲಕ ಬರುವ ಲಾಡಿಹುಳುವಂತೂ ಅಕ್ಕಿಕಾಳಿನಂತಹ ತುಂಡುಗಳಲ್ಲಿ ತತ್ತಿಗಳನ್ನು ತುಂಬಿಕೊಂಡೇ ಹೊರಬೀಳುವುದರಿಂದ ಈ ಪರೀಕ್ಷೆಗೆ ಅನೇಕವೇಳೆ ಸಿಕ್ಕದು. ದುಂಡುಹುಳುಗಳು ತಾಯಿಯ ಗರ್ಭದಲ್ಲಿಯೇ ನಾಯಿಮರಿಗೆ ತಗಲುತ್ತವೆ. ಅದಕ್ಕಾಗಿಯೇ ವೈದ್ಯರು ಪರೀಕ್ಷೆಗೆ ಕಾಯದೆ, ಮರಿಗೆ ಎರಡು ವಾರ ತುಂಬಿದಾಗಿನಿಂದಲೇ ಔಷಧ ಕೊಡಲಾರಂಭಿಸುತ್ತಾರೆ.

ಇಷ್ಟೆಲ್ಲ ಶ್ರಮವು ಪ್ರಾಣಿಯ ಹಿತಕ್ಕೆ ಮಾತ್ರವಲ್ಲ. 1950ರಲ್ಲಿ ಅಮೆರಿಕದ ಹೆಲೆನಾರ್ ವೈಲ್ಡರ್ ಅವರು, ಗೆಡ್ಡೆಯೆಂಬ ಸಂದೇಹದಿಂದ ಕಿತ್ತು ತೆಗೆದಿದ್ದ ಮಕ್ಕಳ ಕಣ್ಣುಗಳಲ್ಲಿ ಹುಳುವಿನ ಮರಿಗಳನ್ನು ಕಂಡರು. ಅವುಗಳಲ್ಲಿ ಹಲವು ಟಾಕ್ಸೊಕಾರದವೆಂದು 1956ರಲ್ಲಿ ನಿಕಲ್ಸ್ ಗುರುತಿಸಿದರು. ಮಣ್ಣಿನಲ್ಲಿ ಆಡಿದ ಕೈಯನ್ನು ಮಗು ಬಾಯಿಗಿಟ್ಟುಕೊಂಡರೆ ತತ್ತಿಯು ಒಳಸೇರುತ್ತದೆ. ಮರಿಹುಳು ದಾರಿತಪ್ಪಿ ಯಕೃತ್ತನ್ನೋ ಕಣ್ಣನ್ನೋ ಹೊಗುತ್ತದೆ.

ಸಮಾಧಾನದ ಸಂಗತಿಯೂ ಒಂದುಂಟು. ಆಗತಾನೆ ಬಿದ್ದ ಮಲದಲ್ಲಿನ ಟಾಕ್ಸೊಕಾರದ ತತ್ತಿಯು ರೋಗ ತರಲಾರದು. ಅದು ಬಲಿಯಲು ಮಣ್ಣಿನಲ್ಲಿ ಕೆಲವು ವಾರಗಳು ಬೇಕು. ಆ ಅವಧಿಯೇ ನಮ್ಮ ಅವಕಾಶ. ಮಲವನ್ನು ಅಂದಂದೇ ತೆಗೆದುಹಾಕುವುದು, ಕೈ ತೊಳೆಯುವುದು, ಆಗಾಗ ಹೊಸ ಮಲದ ಮಾದರಿಯನ್ನು ಮುಚ್ಚಳವುಳ್ಳ ಡಬ್ಬಿಯಲ್ಲಿ ಪಶುವೈದ್ಯರಿಗೆ ಒಯ್ಯುವುದು: ಸಾಕುವವರಿಂದ ನಾವು ಬೇಡುವುದು ಇಷ್ಟೇ.