ಗ್ರೂಪ್ ಕಾಲ್‌ನಲ್ಲಿ ಮಾತೇಕೆ ಗೋಜಲು?

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ, ಅಕ್ಕ ಹಿರಿಯೂರಿನಲ್ಲಿ, ಚಿಕ್ಕಪ್ಪ ಹೊಸದುರ್ಗದಲ್ಲಿ, ಅತ್ತೆ ಹೊಳಲ್ಕೆರೆಯಲ್ಲಿ. ವಿಡಿಯೋ ಕಾಲ್‌ನಲ್ಲಿ ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಏನೂ ತಿಳಿಯದು. ಮದುವೆಮನೆ ಗದ್ದಲದಲ್ಲೂ ಹೀಗಾಗುವುದಿಲ್ಲವಲ್ಲ?

ಉತ್ತರ: ಮದುವೆಮನೆಯಲ್ಲಿ ಪ್ರತಿ ದನಿಗೂ ಒಂದು ದಿಕ್ಕಿರುತ್ತದೆ. ಎಡದಿಂದ ಬಂದ ಸದ್ದು ಬಲಗಿವಿಗೆ ಕೊಂಚ ತಡವಾಗಿ, ಕೊಂಚ ಮೆತ್ತಗೆ ಮುಟ್ಟುತ್ತದೆ. ಆ ತಡ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ. ದಿಕ್ಕು ಗುರುತಿಸಲು ಮಿದುಳಿಗೆ ಅಷ್ಟೇ ಸಾಕು. 1953ರಲ್ಲಿ ಬ್ರಿಟನ್ನಿನ ವಿಜ್ಞಾನಿ ಕಾಲಿನ್ ಚೆರ್ರಿ ಎರಡು ಮಾತುಗಳನ್ನು ಬೆರೆಸಿ ಎರಡೂ ಕಿವಿಗೆ ಕೇಳಿಸಿದಾಗ ಜನ ತಿಣುಕಿದರು. ಒಂದೊಂದು ಕಿವಿಗೆ ಒಂದೊಂದನ್ನು ಕೊಟ್ಟಾಗ ಸಲೀಸಾಗಿ ಬಿಡಿಸಿಕೊಂಡರು. ಸಾಮಾನ್ಯ ಕಾಲ್‌ನಲ್ಲಿ ನಿಮ್ಮ ಅಕ್ಕ, ಅತ್ತೆ, ಚಿಕ್ಕಪ್ಪ ಎಲ್ಲರೂ ಒಂದೇ ಬಿಂದುವಿನಿಂದ ಮಾತಾಡುತ್ತಾರೆ.

ಸ್ಪೇಷಿಯಲ್ ಆಡಿಯೋ ಎಂಬ ತಂತ್ರಜ್ಞಾನ ಹೀಗೆ ಕಳೆದುಹೋದ ದಿಕ್ಕನ್ನು ಲೆಕ್ಕ ಹಾಕಿ ಮತ್ತೆ ಸೇರಿಸುತ್ತದೆ. ಚಿತ್ರದುರ್ಗದಲ್ಲಿ ದಕ್ಷಿಣಕ್ಕೆ ಮುಖಮಾಡಿ ನಿಂತರೆ ಹಿರಿಯೂರು ಎಡಕ್ಕೆ, ಹೊಸದುರ್ಗ ಎದುರಿಗೆ, ಹೊಳಲ್ಕೆರೆ ಬಲಕ್ಕೆ ಇರುವಂತೆ, ಪರದೆಯಲ್ಲಿ ಮುಖ ಇರುವ ಕಡೆಯಿಂದಲೇ ದನಿ ಬರುತ್ತದೆ. ಆ್ಯಪಲ್ 2021ರಲ್ಲಿ ಫೇಸ್‌ಟೈಮ್‌ಗೆ ಇದನ್ನು ತಂದಿತು. ಆಮೇಲೆ ಮೈಕ್ರೋಸಾಫ್ಟ್ ಟೀಮ್ಸ್‌ಗೂ ಬಂತು. ಇಬ್ಬರೇ ಮಾತಾಡುವಾಗ ಇದು ಬರೀ ಶೋಕಿ. ನೆಟ್‌ವರ್ಕ್ ತಡವಾಗಿ ಮಾತಿಗೆ ಮಾತು ಡಿಕ್ಕಿ ಹೊಡೆಯುವುದನ್ನೂ ಇದು ತಪ್ಪಿಸದು. ಹಳೆಯ ಬ್ಲೂಟೂತ್ ಇಯರ್‌ಫೋನ್‌ಗಳಲ್ಲಿ ಮೈಕ್ ಚಾಲೂ ಆದೊಡನೆ ಎರಡೂ ಕಿವಿಗೆ ಒಂದೇ ಸದ್ದು ಬರುವುದುಂಟು. ಹಾಗಾಗಿ ಮೊದಲು ವೈರ್ ಇರುವ ಇಯರ್‌ಫೋನನ್ನು ಎರಡೂ ಕಿವಿಗೆ ಹಾಕಿಕೊಂಡು ನೋಡಿ.