ಮಕ್ಕಳಲ್ಲಿ ಲೂಪಸ್ ಕಾಯಿಲೆ: ಬೇರೆ ಬೇರೆ ಜನಸಮುದಾಯಗಳಲ್ಲಿ ತೋರುವ ಲಕ್ಷಣಗಳು

ಹನ್ನೆರಡು ಹದಿಮೂರು ವರ್ಷದ ಬಾಲಕಿಗೆ ವಾರಗಟ್ಟಲೆ ಜ್ವರ ಬಂದು ಹೋಗುತ್ತಿದ್ದರೆ ಗ್ರಾಮಗಳಲ್ಲಿ ಮೊದಲು ಟೈಫಾಯ್ಡ್ ಅಥವಾ ಡೆಂಗಿ ಎಂದು, ಜ್ವರ ಮುಂದುವರಿದರೆ ಕ್ಷಯ ಎಂದು ಭಾವಿಸಲಾಗುತ್ತದೆ. ಕೀಲು ನೋವಿದ್ದರೆ ಚಿಕುನ್‌ಗುನ್ಯಾ ಎಂದೂ, ಮೈ ಬಿಳಿಚಿಕೊಂಡಿದ್ದರೆ ರಕ್ತಹೀನತೆ ಎಂದೂ ಹೇಳುವುದುಂಟು. ಬಹುಪಾಲು ಮಕ್ಕಳ ವಿಷಯದಲ್ಲಿ ಈ ಊಹೆಗಳು ಸರಿಯಾಗಿಯೇ ಇರುತ್ತವೆ. ಆದರೆ ಇವೆಲ್ಲವೂ ಒಂದೇ ಮಗುವಿನಲ್ಲಿ ಒಂದರ ಹಿಂದೊಂದು ಕಾಣಿಸಿಕೊಂಡು, ಯಾವ ಔಷಧಕ್ಕೂ ಪೂರ್ಣವಾಗಿ ಬಗ್ಗದಿದ್ದಲ್ಲಿ ವೈದ್ಯರು ಪರಿಶೀಲಿಸಬೇಕಾದ ಮತ್ತೊಂದು ಕಾಯಿಲೆಯಿದೆ. ಅದು ಲೂಪಸ್.

ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆಯು ದಾರಿ ತಪ್ಪಿ ಸ್ವಂತ ದೇಹದ ಅಂಗಗಳನ್ನೇ ಘಾಸಿಗೊಳಿಸುವುದು ಈ ಕಾಯಿಲೆಯ ಸ್ವರೂಪ. ಚರ್ಮ, ಕೀಲು, ರಕ್ತ, ಮೂತ್ರಪಿಂಡ, ಹೃದಯದ ಹೊದಿಕೆ, ಮೆದುಳು, ಇವುಗಳಲ್ಲಿ ಯಾವುದಕ್ಕಾದರೂ ತೊಂದರೆಯಾಗಬಹುದು. ಇದು ಅಂಟುರೋಗವಲ್ಲ, ಜೊತೆಯಲ್ಲಿ ಕುಳಿತು ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಹರಡುವುದಿಲ್ಲ. ಲೂಪಸ್ ರೋಗಿಗಳಲ್ಲಿ ಶೇಕಡ 10 ರಿಂದ 20ರಷ್ಟು ಜನರಿಗೆ ಕಾಯಿಲೆ ಬಾಲ್ಯದಲ್ಲಿ ಅಥವಾ ಹದಿಹರೆಯದಲ್ಲಿಯೇ ಆರಂಭವಾಗುತ್ತದೆ. ಸಾಮಾನ್ಯವಾಗಿ 11–12 ವರ್ಷದ ಆಸುಪಾಸಿನಲ್ಲಿ ಕಾಣಿಸಿಕೊಳ್ಳುವ ಇದು ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಲ್ಲಿ ಬಹಳ ಅಪರೂಪ. ವಯಸ್ಕರಲ್ಲಿ ಒಬ್ಬ ಪುರುಷನಿಗೆ ಸುಮಾರು ಒಂಬತ್ತು ಮಹಿಳೆಯರಂತೆ ಕಾಣುವ ಕಾಯಿಲೆಯು ಮಕ್ಕಳಲ್ಲಿ ಒಬ್ಬ ಬಾಲಕನಿಗೆ ನಾಲ್ಕೈದು ಬಾಲಕಿಯರಂತೆ ಕಾಣುತ್ತದೆ. ಆದ್ದರಿಂದ ಗಂಡು ಮಗುವೆಂಬ ಕಾರಣಕ್ಕೆ ಲೂಪಸ್ ಇರಲಾರದೆಂದು ತೀರ್ಮಾನಿಸುವಂತಿಲ್ಲ.

ಲೂಪಸ್ ಎಂದರೆ ವೈದ್ಯಕೀಯ ಪುಸ್ತಕಗಳು ಮೊದಲು ತೋರಿಸುವುದು ಮೂಗಿನ ಮೇಲೆ ಮತ್ತು ಎರಡೂ ಕೆನ್ನೆಗಳ ಮೇಲೆ ಚಿಟ್ಟೆ ರೆಕ್ಕೆ ಬಿಚ್ಚಿದಂತೆ ಹರಡಿದ ಕೆಂಪು ಗುರುತನ್ನು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ವಿಯೆನ್ನಾದ ಚರ್ಮವೈದ್ಯ ಹೆಬ್ರಾ ಈ ಹೋಲಿಕೆಯನ್ನು ಬಳಕೆಗೆ ತಂದರು. ಅವರು ಕಂಡದ್ದು ಯುರೋಪಿನ ಬಿಳಿ ಮೈಬಣ್ಣದ ರೋಗಿಗಳನ್ನು. ಕಂದು ಅಥವಾ ಕಪ್ಪು ಚರ್ಮದ ಮೇಲೆ ಅದೇ ಗುರುತು ಕೆಂಪಾಗಿ ತೋರುವುದಿಲ್ಲ. ಗಾಢ ಕಂದು ಅಥವಾ ನೇರಳೆ ಛಾಯೆಯಲ್ಲಿ ಕಾಣುತ್ತದೆ. ನೋಡಿದವರು ಬಿಸಿಲಿಗೆ ಮುಖ ಕಪ್ಪಾಗಿದೆ ಎಂದೋ, ಬಂಗು ಎಂದೋ ತಿಳಿಯುತ್ತಾರೆ. ಕೆಲವು ಮಕ್ಕಳಲ್ಲಿ ಕಿವಿ, ತಲೆ ಮತ್ತು ಮುಖದ ಮೇಲೆ ನಾಣ್ಯದಂತಹ ದುಂಡನೆಯ ಕಲೆಗಳು ಎದ್ದು, ವಾಸಿಯಾದ ಜಾಗದಲ್ಲಿ ಚರ್ಮ ಬಣ್ಣ ಕಳೆದುಕೊಂಡು ಬೆಳ್ಳಗಾಗುತ್ತದೆ. ಇದನ್ನು ತೊನ್ನು ಅಥವಾ ಕುಷ್ಠವೆಂದು ಭಾವಿಸಿ ಮಗುವನ್ನು ಮನೆಯೊಳಗೆ ಮರೆಮಾಡಿದರೆ ಚಿಕಿತ್ಸೆ ದೊರೆಯಬೇಕಾದ ತಿಂಗಳುಗಳು ವ್ಯರ್ಥವಾಗುತ್ತವೆ. ಮೇಲಾಗಿ, ಅನೇಕ ಮಕ್ಕಳಲ್ಲಿ ಮುಖದ ಗುರುತು ಬರುವುದೇ ಇಲ್ಲ.

ಜಗತ್ತಿನ ಎಲ್ಲ ಸಮುದಾಯಗಳ ಮಕ್ಕಳಲ್ಲಿ ಈ ಕಾಯಿಲೆ ಒಂದೇ ಪ್ರಮಾಣದಲ್ಲಿಲ್ಲ. ಆಫ್ರಿಕಾ ಮೂಲದ, ಏಷ್ಯಾ ಮೂಲದ, ಲ್ಯಾಟಿನ್ ಅಮೆರಿಕ ಮೂಲದ ಹಾಗೂ ಅಮೆರಿಕ ಖಂಡದ ಮೂಲನಿವಾಸಿ ಮಕ್ಕಳಲ್ಲಿ ಇದು ಯುರೋಪ್ ಮೂಲದ ಮಕ್ಕಳಿಗಿಂತ ಹೆಚ್ಚು. ಅಮೆರಿಕದಲ್ಲಿ ಬಡ ಕುಟುಂಬಗಳಿಗೆ ಸರ್ಕಾರವೇ ನೀಡುವ ಮೆಡಿಕೇಡ್ ಆರೋಗ್ಯ ವಿಮೆಯ ದಾಖಲೆಗಳನ್ನು 2000ದಿಂದ 2004ರವರೆಗೆ ಪರಿಶೀಲಿಸಿದಾಗ ಒಂದು ಲಕ್ಷ ಮಕ್ಕಳಲ್ಲಿ ಸುಮಾರು ಹತ್ತು ಮಕ್ಕಳಿಗೆ ಲೂಪಸ್ ಇದ್ದುದು ಕಂಡುಬಂದಿತು. ಅವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳಿಗೆ ಮೂತ್ರಪಿಂಡದ ಉರಿಯೂತವೂ ಇತ್ತು. ಕೆನಡಾದ ಟೊರಾಂಟೊ ನಗರದಲ್ಲಿ ನಡೆದ ಅಧ್ಯಯನದಲ್ಲಿ ಬಿಳಿಯರಲ್ಲದ ಮಕ್ಕಳಿಗೆ ಇನ್ನೂ ಕಡಿಮೆ ವಯಸ್ಸಿನಲ್ಲಿ ಕಾಯಿಲೆ ಪತ್ತೆಯಾಗಿದ್ದು, ಮೂತ್ರಪಿಂಡದ ತೊಂದರೆಯೂ ಅವರಲ್ಲಿ ಹೆಚ್ಚಾಗಿತ್ತು. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಮಕ್ಕಳು ಆಸ್ಪತ್ರೆಗೆ ಮೊದಲ ಸಲ ಬರುವಾಗಲೇ ರೋಗ ಉಲ್ಬಣಿಸಿರುವುದನ್ನು ಅಲ್ಲಿನ ವೈದ್ಯರು ದಾಖಲಿಸಿದ್ದಾರೆ.

ಈ ವ್ಯತ್ಯಾಸಕ್ಕೆ ವಂಶವಾಹಿಗಳು ಒಂದು ಕಾರಣ. ಆಫ್ರಿಕಾ ಮೂಲದ ಜನರಲ್ಲಿ ಮಾತ್ರ ಹೆಚ್ಚಾಗಿ ಕಾಣುವ ಎಪಿಒಎಲ್1 ಎಂಬ ವಂಶವಾಹಿಯ ಕೆಲವು ರೂಪಗಳು ಲೂಪಸ್ ಬಂದಾಗ ಮೂತ್ರಪಿಂಡ ಬೇಗನೆ ಸೋಲುವಂತೆ ಮಾಡುತ್ತವೆ. ಕರ್ನಾಟಕದ ಕುಟುಂಬಗಳಿಗೆ ಸಂಬಂಧಿಸಿದ ಅಂಶ ಬೇರೆಯದು. ರೋಗನಿರೋಧಕ ವ್ಯವಸ್ಥೆಗೆ ಅಗತ್ಯವಾದ ಸಿ1ಕ್ಯೂ ಎಂಬ ಪ್ರೋಟೀನನ್ನು ರೂಪಿಸುವ ವಂಶವಾಹಿ ತಂದೆ ತಾಯಿ ಇಬ್ಬರಿಂದಲೂ ದೋಷಪೂರಿತವಾಗಿ ಬಂದಲ್ಲಿ ಮಗುವಿಗೆ ಎಳೆಯ ವಯಸ್ಸಿನಲ್ಲಿಯೇ ಲೂಪಸ್ ಬರುವ ಸಂಭವ ತೀರಾ ಹೆಚ್ಚು. ಸೋದರಮಾವ ಅಥವಾ ಅತ್ತೆ–ಮಾವನ ಮಕ್ಕಳೊಂದಿಗೆ ವಿವಾಹವಾಗುವ ರೂಢಿಯಿರುವೆಡೆ ಇಂತಹ ಜೋಡಣೆಗೆ ಅವಕಾಶ ಹೆಚ್ಚು. ಈ ಬಗೆಯ ಲೂಪಸ್ ಬಹಳ ಅಪರೂಪ. ರಕ್ತಸಂಬಂಧದಲ್ಲಿ ಮದುವೆಯಾದವರೆಲ್ಲರೂ ಹೆದರಬೇಕಾಗಿಲ್ಲ. ಆದರೆ ಅಂತಹ ಕುಟುಂಬದಲ್ಲಿ ಐದು ವರ್ಷದೊಳಗಿನ ಮಗುವಿಗೆ, ಅದು ಗಂಡಾಗಲಿ ಹೆಣ್ಣಾಗಲಿ, ಪದೇ ಪದೇ ಸೋಂಕು ಮತ್ತು ಚರ್ಮದ ಕಲೆಗಳು ಕಂಡರೆ ವೈದ್ಯರಿಗೆ ಕುಟುಂಬದ ಸಂಬಂಧವನ್ನು ಮರೆಮಾಚದೆ ತಿಳಿಸುವುದು ಉಪಯುಕ್ತ.

ವಂಶವಾಹಿಗಳಷ್ಟೇ ಪ್ರಬಲವಾದ ಎರಡನೆಯ ಕಾರಣ ಆಸ್ಪತ್ರೆಯ ದೂರ ಮತ್ತು ತಡವಾದ ಪತ್ತೆ. ಬಡತನ, ಪ್ರಯಾಣದ ಖರ್ಚು, ಮಕ್ಕಳ ಕೀಲುರೋಗ ತಜ್ಞರ ಕೊರತೆ ಇರುವ ಎಲ್ಲ ದೇಶಗಳಲ್ಲಿಯೂ ಲೂಪಸ್ ಹೆಚ್ಚು ಕ್ರೂರವಾಗಿ ಕಾಣುತ್ತದೆ. ಭಾರತದಲ್ಲಿ ಕ್ಷಯ ವ್ಯಾಪಕವಾಗಿರುವುದರಿಂದ ಖಚಿತವಾದ ಪತ್ತೆಯಿಲ್ಲದೆ ಕ್ಷಯದ ಔಷಧ ಆರಂಭಿಸಿ ಕಾಲ ಕಳೆಯುವ ಪ್ರಸಂಗಗಳೂ ಇವೆ. ವಂಶವಾಹಿಯನ್ನು ಬದಲಿಸುವುದು ಯಾರಿಂದಲೂ ಆಗದು. ಈ ಎರಡನೆಯ ಕಾರಣದ ವಿಷಯದಲ್ಲಿ ಗ್ರಾಮ ಪಂಚಾಯತಿಗಳು ಮಾಡಬಹುದಾದದ್ದು ಸಾಕಷ್ಟಿದೆ.

ಮುಖ್ಯವಾಗಿ ಗಮನಿಸಬೇಕಾದುದು ಮೂತ್ರಪಿಂಡವನ್ನು. ಲೂಪಸ್ ಬಂದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಮಕ್ಕಳಿಗೆ ಮೂತ್ರಪಿಂಡದ ಉರಿಯೂತ ಉಂಟಾಗುತ್ತದೆ. ಅದು ಬಹುತೇಕ ಮೊದಲ ಎರಡು ವರ್ಷಗಳೊಳಗೆ. ಬೆಳಿಗ್ಗೆ ಎದ್ದಾಗ ಕಣ್ಣಿನ ರೆಪ್ಪೆ ಊದಿರುವುದು, ಸಂಜೆ ವೇಳೆಗೆ ಪಾದ ಬಾಯುವುದು, ಮೂತ್ರದಲ್ಲಿ ನೊರೆ ನಿಲ್ಲುವುದು, ಮೂತ್ರ ಚಹಾದ ಬಣ್ಣಕ್ಕೆ ತಿರುಗುವುದು ಇದರ ಲಕ್ಷಣಗಳು. ಆರಂಭದ ಹಂತದಲ್ಲಿ ಇವು ಯಾವುವೂ ಇರದಿರಬಹುದು. ಆಗ ಕಾಯಿಲೆಯನ್ನು ಹೊರಗೆಡಹುವುದು ಮೂತ್ರದಲ್ಲಿ ಅದ್ದಿ ನೋಡುವ ಪರೀಕ್ಷಾ ಪಟ್ಟಿ ಮತ್ತು ರಕ್ತದೊತ್ತಡದ ಅಳತೆ. ಕೆಲವೇ ರೂಪಾಯಿಗಳ ಆ ಪಟ್ಟಿ ಗರ್ಭಿಣಿಯರ ತಪಾಸಣೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಿನನಿತ್ಯ ಬಳಕೆಯಾಗುವ ವಸ್ತು. ಎರಡು ವಾರ ಮೀರಿದ ಜ್ವರದ ಜೊತೆಗೆ ಕೀಲು ನೋವು, ಬಾಯಿಯೊಳಗೆ ನೋವಿಲ್ಲದ ಹುಣ್ಣು, ವಿಪರೀತ ಕೂದಲು ಉದುರುವಿಕೆ, ಬಿಸಿಲಿಗೆ ಹೋದಾಗ ಹೆಚ್ಚುವ ಮುಖದ ಕಲೆ, ಕಬ್ಬಿಣಾಂಶದ ಮಾತ್ರೆಗೆ ಬಗ್ಗದ ರಕ್ತಹೀನತೆ, ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡ ಮಗುವಿಗೆ ಈ ಪರೀಕ್ಷೆ ಮಾಡಿಸುವಂತೆ ಆಶಾ ಕಾರ್ಯಕರ್ತೆಯರ ಮೂಲಕ ಪೋಷಕರಿಗೆ ತಿಳಿಸಬೇಕು. ಎಎನ್ಎ ಎಂಬ ರಕ್ತ ಪರೀಕ್ಷೆಯನ್ನು ವೈದ್ಯರ ಸಲಹೆಯಿಲ್ಲದೆ ಖಾಸಗಿ ಪ್ರಯೋಗಾಲಯದಲ್ಲಿ ಮಾಡಿಸುವುದು ತರವಲ್ಲ. ಆರೋಗ್ಯವಂತ ಮಕ್ಕಳಲ್ಲಿಯೂ ಅದು ಧನಾತ್ಮಕವಾಗಿ ಬರುವುದುಂಟು. ಖರ್ಚೂ ಆತಂಕವೂ ಮಾತ್ರ ಉಳಿಯುತ್ತವೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಭೇಟಿ ನೀಡುತ್ತವೆ. ಅವುಗಳ ತಪಾಸಣಾ ಪಟ್ಟಿಯಲ್ಲಿ ಲೂಪಸ್ ಪ್ರತ್ಯೇಕವಾಗಿ ಸೇರಿಲ್ಲವಾದರೂ ರಕ್ತಹೀನತೆ ಮತ್ತು ಚರ್ಮದ ತೊಂದರೆಗಳಿವೆ. ತಪಾಸಣೆಯ ದಿನ ಗೈರುಹಾಜರಾಗುವವರು ಹೆಚ್ಚಾಗಿ ಕಾಯಿಲೆ ಬಿದ್ದ ಮಕ್ಕಳೇ ಎಂಬುದನ್ನು ಸದಸ್ಯರು ನೆನಪಿಡಬೇಕು. ದೀರ್ಘಕಾಲ ಶಾಲೆಗೆ ಬಾರದ ಮಕ್ಕಳ ಹೆಸರುಗಳನ್ನು ಮುಖ್ಯ ಶಿಕ್ಷಕರಿಂದ ಪಡೆದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಚರ್ಚಿಸುವುದು ಸೂಕ್ತ. ಮಗುವಿನ ಹೆಸರು ಮತ್ತು ಕಾಯಿಲೆಯನ್ನು ಗ್ರಾಮ ಸಭೆಯಲ್ಲಿ ಬಹಿರಂಗಪಡಿಸಕೂಡದು.

ಲೂಪಸ್ ಸಂಪೂರ್ಣವಾಗಿ ಗುಣವಾಗುವ ಕಾಯಿಲೆಯಲ್ಲ. ಆದರೆ ಹತೋಟಿಯಲ್ಲಿ ಇಡಬಹುದು. ಹೆಚ್ಚಿನ ಮಕ್ಕಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ದೀರ್ಘಕಾಲ ನೀಡಲಾಗುತ್ತದೆ. ಅದಕ್ಕಾಗಿ ನಿಯಮಿತ ಕಣ್ಣಿನ ತಪಾಸಣೆ ಅಗತ್ಯ. ರೋಗ ಉಲ್ಬಣಿಸಿದಾಗ ಕೊಡುವ ಸ್ಟಿರಾಯ್ಡ್‌ನಿಂದ ಮುಖ ದುಂಡಗಾಗಿ, ಮೈ ತುಂಬಿಕೊಂಡು, ಮಗುವಿನ ರೂಪ ಕೆಲವು ತಿಂಗಳು ಬದಲಾಗುತ್ತದೆ. ಹದಿಹರೆಯದ ಹುಡುಗಿಗೆ ಇದು ಸಹಿಸಲಾಗದ ಮಾತುಗಳನ್ನು ತರುತ್ತದೆ. ಮುಂದೆ ಮದುವೆಗೆ ಅಡ್ಡಿಯಾದೀತೆಂದು ಹೆದರಿ ಕುಟುಂಬದವರೇ ಮಾತ್ರೆ ನಿಲ್ಲಿಸುವುದುಂಟು. ಸ್ಟಿರಾಯ್ಡ್ ಅನ್ನು ಹಠಾತ್ತಾಗಿ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾಗಬಹುದು. ಪ್ರಮಾಣವನ್ನು ವೈದ್ಯರೇ ಹಂತಹಂತವಾಗಿ ಇಳಿಸಬೇಕು. ಇಂತಹ ಮಗುವಿಗೆ ಜ್ವರ ಬಂದಲ್ಲಿ ಮರುದಿನಕ್ಕೆ ಮುಂದೂಡದೆ ಆಸ್ಪತ್ರೆಗೆ ಕರೆದೊಯ್ಯಬೇಕು, ಏಕೆಂದರೆ ಸೋಂಕು ಈ ಮಕ್ಕಳ ಸಾವಿಗೆ ಪ್ರಮುಖ ಕಾರಣಗಳಲ್ಲೊಂದು. ಲಸಿಕೆ ನೀಡುವ ಮುನ್ನ ಮಗು ಯಾವ ಔಷಧದಲ್ಲಿದೆ ಎಂಬುದನ್ನು ಆರೋಗ್ಯ ಕಾರ್ಯಕರ್ತೆಗೆ ತಿಳಿಸಬೇಕು.

ಬಿಸಿಲು ಕಾಯಿಲೆಯನ್ನು ಕೆರಳಿಸುತ್ತದೆ. ಆದ್ದರಿಂದ ಶಾಲೆಯಲ್ಲಿ ಪ್ರಾರ್ಥನೆ ಮತ್ತು ಆಟದ ವೇಳೆ ಮಗುವಿಗೆ ನೆರಳಿನಲ್ಲಿ ನಿಲ್ಲಲು, ಟೋಪಿ ಹಾಗೂ ತುಂಬು ತೋಳಿನ ಉಡುಪು ಧರಿಸಲು ಅವಕಾಶ ನೀಡುವಂತೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮೂಲಕ ಕೋರಬಹುದು. ಬಿಸಿಯೂಟದ ಪಂಕ್ತಿಯಲ್ಲಿ ಮಗುವನ್ನು ಬೇರೆ ಕೂರಿಸುತ್ತಿದ್ದಲ್ಲಿ ಅದನ್ನು ಕೂಡಲೇ ನಿಲ್ಲಿಸಬೇಕು.