ಮಾತಿಗೆ ಕಿವಿಗೊಟ್ಟ ಶಾಲೆ

ಮೇ, ಜೂನ್ ತಿಂಗಳುಗಳು ಅಮೆರಿಕದ ಶಾಲೆ ಕಾಲೇಜುಗಳಲ್ಲಿ ಪದವಿಪ್ರದಾನದ ಕಾಲ. ಅಂದಿನ ಮುಖ್ಯ ಭಾಷಣಕ್ಕೆ ಅದೇ ಶಾಲೆಯ ಹಳೆಯ ವಿದ್ಯಾರ್ಥಿಯನ್ನು ಕರೆಯುವ ವಾಡಿಕೆ ಅಲ್ಲಿ ಬಲವಾಗಿದೆ. ಅತಿಥಿಯು ಕೀರ್ತಿವಂತನೆಂಬುದಷ್ಟೇ ಇದಕ್ಕೆ ಕಾರಣವಲ್ಲ. ಎದುರಿಗೆ ಕುಳಿತ ಮಕ್ಕಳ ಬೆಂಚಿನಲ್ಲೇ ಒಮ್ಮೆ ಕುಳಿತಿದ್ದವರ ಮಾತಿಗೆ ಬೇರೆಯೇ ತೂಕವಿರುತ್ತದೆ. ಇಂಥ ವೇದಿಕೆಗಳಿಗೆ ಮೇಲಿಂದ ಮೇಲೆ ಕರೆಸಿಕೊಂಡವರಲ್ಲಿ ಪ್ರಸಾರ ಪತ್ರಕರ್ತೆ ಕೋಕಿ ರಾಬರ್ಟ್ಸ್ ಒಬ್ಬರು. ಕ್ಯಾಥೊಲಿಕ್ ಕನ್ಯಾಶಾಲೆಯೊಂದು ತನಗೆ ಕೊಟ್ಟದ್ದೇನೆಂಬುದನ್ನು ಆಕೆ ಕೊನೆಯವರೆಗೂ ಮರೆಯಲಿಲ್ಲ.

ಆಕೆ ಹುಟ್ಟಿದ್ದು 1943ರಲ್ಲಿ, ನ್ಯೂ ಆರ್ಲಿಯನ್ಸ್ ನಗರದಲ್ಲಿ. ಕೊರಿನ್ ಎಂಬ ಹೆಸರನ್ನು ಉಚ್ಚರಿಸಲಾಗದೆ ಅಣ್ಣನು 'ಕೋಕಿ' ಎಂದು ಕರೆದ. ಆ ಹೆಸರೇ ನಿಂತಿತು. ತಂದೆ ಹೇಲ್ ಬಾಗ್ಸ್ ಸಂಸತ್ ಸದಸ್ಯರು. ಓದಿದ್ದು ಸೇಕ್ರೆಡ್ ಹಾರ್ಟ್ ಭಗಿನಿಯರ ಶಾಲೆಗಳಲ್ಲಿ, ಮೊದಲು ಹುಟ್ಟೂರಿನಲ್ಲಿ, ಅನಂತರ ವಾಷಿಂಗ್ಟನ್ ಸಮೀಪದ ಸ್ಟೋನ್ ರಿಜ್‌ನಲ್ಲಿ. ಅಲ್ಲಿಂದ ಹೊರಬಂದದ್ದು 1960ರಲ್ಲಿ. ಈ ಭಗಿನೀಸಂಘವನ್ನು 1800ರಲ್ಲಿ ಫ್ರಾನ್ಸಿನಲ್ಲಿ ಮದಲೇನ್ ಸೋಫಿ ಬರಾ ಸ್ಥಾಪಿಸಿದರು. ಹೆಣ್ಣುಮಕ್ಕಳ ವಿದ್ಯಾಭ್ಯಾಸವೇ ಅದರ ಮುಖ್ಯ ಕಾಯಕ. 1818ರಲ್ಲಿ ಫಿಲಿಪ್ಪೀನ್ ದುಶೇನ್ ಅದನ್ನು ಅಮೆರಿಕಕ್ಕೆ ಕೊಂಡೊಯ್ದರು.

ಹುಡುಗಿಯರ ಗುರಿ ಮದುವೆಯೊಂದೇ ಎಂದು ಲೋಕ ನಂಬಿದ್ದ 1950ರ ದಶಕದಲ್ಲಿ ಆ ಭಗಿನಿಯರು ತಮ್ಮ ಬುದ್ಧಿಯನ್ನೂ ಮಾತನ್ನೂ ಗಂಭೀರವಾಗಿ ಪರಿಗಣಿಸಿದರು ಎಂಬುದು ಕೋಕಿ ಸಾರ್ವಜನಿಕವಾಗಿ ಹಲವು ಬಾರಿ ಸ್ಮರಿಸಿದ ಸಂಗತಿ. ಇದು ಸಣ್ಣ ಉಪಕಾರವೆಂದು ತೋರಬಹುದು. ಆದರೆ ಶಾಲೆಯ ಹೊರಗೆ ಕಾದಿದ್ದ ಲೋಕವನ್ನು ನೋಡಿದರೆ ಅದರ ಬೆಲೆ ತಿಳಿಯುತ್ತದೆ. 1964ರಲ್ಲಿ ವೆಲ್ಸ್‌ಲಿ ಕಾಲೇಜಿನ ಪದವಿ ಪಡೆದು ಆಕೆ ಕೆಲಸ ಹುಡುಕಿದಾಗ ಎದುರಾದ ಪ್ರಶ್ನೆ: ಟೈಪಿಂಗ್ ಎಷ್ಟು ವೇಗವಾಗಿ ಬರುತ್ತದೆ? ವರದಿಗಾರಿಕೆಗೆ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲವೆಂದು ಬಾಯಿಬಿಟ್ಟು ಹೇಳಿದವರೂ ಇದ್ದರು. ಉದ್ಯೋಗದಲ್ಲಿ ಲಿಂಗಭೇದವನ್ನು ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯಿದೆ ಬಂದದ್ದೂ ಅದೇ 1964ರಲ್ಲಿ. ಕಾಯಿದೆ ಪುಸ್ತಕಕ್ಕೆ ಬಂದ ದಿನವೇ ಕಚೇರಿಯ ಬಾಗಿಲು ತೆರೆಯುವುದಿಲ್ಲ; ಇದು ವಕೀಲರಿಗೆ ಹೊಸ ಪಾಠವೇನಲ್ಲ.

ಬಾಗಿಲು ತೆರೆದದ್ದು ರೇಡಿಯೊ. 1971ರಲ್ಲಿ ಪ್ರಸಾರ ಆರಂಭಿಸಿದ ನ್ಯಾಷನಲ್ ಪಬ್ಲಿಕ್ ರೇಡಿಯೊ ಬಡ ಸಂಸ್ಥೆ. ಸಂಬಳ ಕಡಿಮೆ, ಆದ್ದರಿಂದ ಹೆಂಗಸರಿಗೆ ಎಡೆ ಸಿಕ್ಕಿತು. 1978ರಲ್ಲಿ ಸೇರಿದ ಕೋಕಿ ಸಂಸತ್ತಿನ ಕಲಾಪಗಳ ವರದಿಗಾರ್ತಿಯಾಗಿ ಹೆಸರಾದರು. ಸೂಸನ್ ಸ್ಟ್ಯಾಂಬರ್ಗ್, ಲಿಂಡಾ ವರ್ತೈಮರ್, ನೀನಾ ಟೋಟೆನ್‌ಬರ್ಗ್ ಅವರೊಡನೆ ಈಕೆಯನ್ನೂ ಆ ಸಂಸ್ಥೆಯ 'ಸ್ಥಾಪಕ ಮಾತೆಯರು' ಎನ್ನುತ್ತಾರೆ. 1988ರಲ್ಲಿ ಎಬಿಸಿ ದೂರದರ್ಶನವನ್ನು ಸೇರಿ, 1996ರಿಂದ 2002ರವರೆಗೆ ಅದರ ಭಾನುವಾರದ ರಾಜಕೀಯ ಚರ್ಚಾ ಕಾರ್ಯಕ್ರಮವನ್ನು ಸ್ಯಾಮ್ ಡೊನಾಲ್ಡ್‌ಸನ್ ಜತೆಗೂಡಿ ನಡೆಸಿಕೊಟ್ಟರು. ಈ ಬದುಕು ಕಳಂಕರಹಿತವೇನೂ ಆಗಿರಲಿಲ್ಲ. 1994ರಲ್ಲಿ ಸ್ಟುಡಿಯೊದೊಳಗೇ ಕೋಟು ತೊಟ್ಟು, ಸಂಸತ್ ಭವನದ ಚಿತ್ರದ ಮುಂದೆ ನಿಂತು, ಅಲ್ಲಿಂದಲೇ ಮಾತನಾಡುತ್ತಿರುವಂತೆ ತೋರಿಸಿಕೊಂಡದ್ದಕ್ಕೆ ಸಂಸ್ಥೆ ಕ್ಷಮೆ ಕೇಳಬೇಕಾಯಿತು.

ತಾಯಿ ಲಿಂಡಿ ಬಾಗ್ಸ್ ಅವರದು ಇನ್ನೊಂದು ಪಾಠ. 1972ರಲ್ಲಿ ಅಲಾಸ್ಕಾದಲ್ಲಿ ವಿಮಾನದೊಡನೆ ಕಣ್ಮರೆಯಾದ ಗಂಡನ ಸ್ಥಾನಕ್ಕೆ ಮರುವರ್ಷ ಆಯ್ಕೆಯಾದ ಆಕೆ, ಸಾಲದ ವಿಷಯದಲ್ಲಿ ತಾರತಮ್ಯವನ್ನು ನಿಷೇಧಿಸುವ ಮಸೂದೆ ಸಮಿತಿಯ ಮುಂದೆ ಬಂದಾಗ, ಲಿಂಗ, ವೈವಾಹಿಕ ಸ್ಥಿತಿ ಎಂಬ ಪದಗಳನ್ನು ತಾವೇ ಬರೆದು ಸೇರಿಸಿದರು. ಪ್ರತಿಗಳನ್ನು ಸಹಸದಸ್ಯರಿಗೆ ಹಂಚಿ, ಇದು ಕೇವಲ ಕಣ್ತಪ್ಪಿನಿಂದ ಬಿಟ್ಟುಹೋದದ್ದಿರಬೇಕು ಎಂದು ನಯವಾಗಿ ಹೇಳಿದರು. 1974ರಲ್ಲಿ ಅದು ಕಾನೂನಾಯಿತು. ಬಿಟ್ಟುಹೋದ ಹೆಂಗಸರನ್ನು ಮತ್ತೆ ಬರೆದು ಸೇರಿಸುವ ಆ ಕೆಲಸವನ್ನೇ ಮಗಳು ಇತಿಹಾಸದಲ್ಲಿ ಮಾಡಿದರು. ಅಮೆರಿಕದ ಸ್ವಾತಂತ್ರ್ಯ ಹೋರಾಟದ ಕಾಲದ ಮಹಿಳೆಯರನ್ನು ಕುರಿತ 'ಫೌಂಡಿಂಗ್ ಮದರ್ಸ್' 2004ರಲ್ಲಿ ಪ್ರಕಟವಾಯಿತು. ಕೋಕಿ ತೀರಿಕೊಂಡದ್ದು 2019ರ ಸೆಪ್ಟೆಂಬರ್ 17ರಂದು, ಸ್ತನ ಕ್ಯಾನ್ಸರಿನಿಂದ.

ಇಂಥ ಶಾಲೆಗಳು ಉಳಿದದ್ದೂ ತಾನಾಗಿಯೇ ಅಲ್ಲ. ಮಕ್ಕಳೆಲ್ಲರೂ ಸರಕಾರಿ ಶಾಲೆಗೇ ಹೋಗಬೇಕೆಂದು ಆರಿಗನ್ ರಾಜ್ಯ 1922ರಲ್ಲಿ ಕಾನೂನು ಮಾಡಿದಾಗ, ಇನ್ನೊಂದು ಭಗಿನೀಸಂಘ ನ್ಯಾಯಾಲಯದ ಮೆಟ್ಟಿಲೇರಿತು. 1925ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಆ ಕಾನೂನನ್ನು ರದ್ದುಪಡಿಸಿ, ಮಗುವು ರಾಜ್ಯದ ಸೃಷ್ಟಿಯಲ್ಲ ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ನಮ್ಮ ಸಂವಿಧಾನದ 30ನೆಯ ವಿಧಿ ಇನ್ನೂ ಮುಂದೆ ಹೋಗಿ, ಧರ್ಮದಿಂದಾಗಲಿ ಭಾಷೆಯಿಂದಾಗಲಿ ಅಲ್ಪಸಂಖ್ಯಾತರಾದವರಿಗೆ ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಕ್ರೈಸ್ತರ ಶಾಲೆಗೂ ಗಡಿನಾಡಿನ ಕನ್ನಡ ಶಾಲೆಗೂ ಆಶ್ರಯ ಒಂದೇ ವಿಧಿ.

ಹಾಗಾದರೆ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಶಾಲೆಗಳ ಮಾತೆಲ್ಲ ಹಕ್ಕಿನ ಮಾತು, ಹುದ್ದೆಯ ಮಾತು, ಪಠ್ಯಪುಸ್ತಕದ ಮಾತು. ಅದು ಬೇಕಾದದ್ದೇ. ಆದರೆ ವಿಧಿಯು ಶಾಲೆಯನ್ನು ಉಳಿಸೀತು. ತನ್ನ ಮಾತು ಕೇಳತಕ್ಕದ್ದೆಂಬ ನಂಬಿಕೆಯನ್ನು ಮಗುವಿಗೆ ಕೊಡಬೇಕಾದವರು ಒಳಗಿರುವವರು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ, ತರಗತಿಯಲ್ಲಿ ಕನ್ನಡ ಕಲಿತು, ಪೇಟೆಯಲ್ಲಿ ಮಲಯಾಳದಲ್ಲಿ ವ್ಯವಹರಿಸುವ ಹುಡುಗಿ, ತನ್ನ ಕನ್ನಡ ಎಲ್ಲಿಯೂ ಸಲ್ಲದೆಂದು ಹತ್ತನೆಯ ತರಗತಿಗೇ ತೀರ್ಮಾನಿಸಿದರೆ ಸೋತವರು ಯಾರು?

ವಾರ್ಷಿಕೋತ್ಸವಗಳ ವೇದಿಕೆಯಲ್ಲಿ ಶಾಸಕರಿಗೂ ಪಂಚಾಯತ್ ಅಧ್ಯಕ್ಷರಿಗೂ ಕುರ್ಚಿ ಇದ್ದೇ ಇರುತ್ತದೆ. ಅದೇ ಶಾಲೆಯಲ್ಲಿ ಕನ್ನಡದಲ್ಲಿ ಓದಿ, ಇಂದು ಆಕಾಶವಾಣಿಯಲ್ಲೋ ಆಸ್ಪತ್ರೆಯಲ್ಲೋ ಬ್ಯಾಂಕಿನಲ್ಲೋ ದುಡಿಯುವ ಹೆಣ್ಣುಮಗಳೊಬ್ಬಳಿಗೂ ಒಂದು ಕುರ್ಚಿ ಹಾಕೋಣ. ಆಕೆ ಹೆಸರಾಂತಳಾಗಿರಬೇಕಿಲ್ಲ. ಹತ್ತು ನಿಮಿಷ ಮಾತನಾಡಿ, ಯಾವ ಅಧ್ಯಾಪಕಿ ತನ್ನ ಮಾತಿಗೆ ಮೊದಲು ಕಿವಿಗೊಟ್ಟರೆಂದು ಹೇಳಿದರೆ ಸಾಕು. ಕೆಳಗೆ ಕುಳಿತ ಮಕ್ಕಳಲ್ಲಿ ಒಬ್ಬಳಾದರೂ ತಲೆಯೆತ್ತಿ ನೋಡುತ್ತಾಳೆ.